ನೋಂಬಿನ ಮೊಟ್ಟೆ, ಗುಡಿಯ ತಾರಸಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಕಲ್ಲಿನ ಆನೆಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ಸೊಂಡಿಲೆತ್ತಿ ನಿಂತಿದ್ದವು. ನಡುವೆ ಒಂದು ಶಿಲುಬೆ. ಮೂರೂ ಹೊಗೆ ಹಿಡಿದು ಕರ್ರಗಾಗಿದ್ದವು. ಅಮ್ಮ ಒಂದು ಆನೆಯ ಸೊಂಡಿಲಿಗೆ ಸೌಟು ನೇತುಹಾಕುತ್ತಿದ್ದಳು, ಇನ್ನೊಂದಕ್ಕೆ ಒಣಮೆಣಸಿನಕಾಯಿಯ ಸರ. ಆನೆಗಳ ಕೆಳಗೆ ದೊಡ್ಡ ಕಲ್ಲಿನ ಬಾಗಿಲವಾಡ, ಅದಕ್ಕೆ ಹೊಸ್ತಿಲೂ ಇತ್ತು, ಬಾಗಿಲು ಮಾತ್ರ ಇರಲಿಲ್ಲ. ಬಾಗಿಲಿರಬೇಕಾದ ಜಾಗವನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಮುಚ್ಚಿದ ಗೋಡೆ ಒಂದು ಮೊಳ ಒಳಗಿದ್ದುದರಿಂದ ಈಚೆ ಕಡೆ ಒಂದು ಗೂಡಾಗಿತ್ತು. ಉಪ್ಪಿನ ಮರಿಗೆ, ರಾಗಿಹಿಟ್ಟಿನ ಮಡಕೆ, ಅಜ್ಜಿಯ ಎಲೆಅಡಿಕೆ ಚೀಲ ಎಲ್ಲ ಅಲ್ಲೇ. ಆ ಇಟ್ಟಿಗೆಯ ಆಚೆಗೆ ದೇವರ ಬಲಿಪೀಠ. ಈಚೆ ನಾವು ಮುದ್ದೆ ತಿರುವುತ್ತಿದ್ದೆವು, ಆಚೆ ದೇವರು ಇದ್ದ. ನಮ್ಮ ಒಗ್ಗರಣೆ ಅವನಿಗೆ ಹೋಗುತ್ತಿತ್ತು, ಅವನ ಧೂಪ ನಮಗೆ ಬರುತ್ತಿತ್ತು. ಚರ್ಚಿಗೆ ಆತುಕೊಂಡ ಮನೆಯಲ್ಲಿ ಹುಟ್ಟಿದವಳು ಎಂದರೆ ಜನ ನಾನೇನೋ ದೇವದೂತರ ಜೊತೆ ಆಡಿ ಬೆಳೆದೆ ಅಂದುಕೊಳ್ಳುತ್ತಾರೆ. ನಾನು ಬೆಳೆದದ್ದು ಅಜ್ಜಿಯ ಬೈಗುಳದ ಜೊತೆ.

ಊರು ಮೆಣಸಿನಪಾಳ್ಯ. ಕೊಡಿಗೇನಹಳ್ಳಿಯಲ್ಲಿ ಬಸ್ಸಿಳಿದು ಎತ್ತಿನ ಗಾಡಿಯಲ್ಲಿ ಒಂದು ಗಂಟೆ ದಾರಿ. ನಮ್ಮವರದು ಹನ್ನೊಂದೇ ಮನೆ. ನಾವು ಮಲಯಾಳ ದೇಶದ ಆರ್ಥೊಡಾಕ್ಸ್ ಸಭೆಗೆ ಸೇರಿದವರು. ಆ ಹೆಸರಿಗೆ ನಮ್ಮಪ್ಪನ ನಾಲಿಗೆಯೇ ಹೊರಳುತ್ತಿರಲಿಲ್ಲ, ‘ಹಳೇ ಪದ್ಧತಿಯವರು’ ಅಂದುಬಿಡುತ್ತಿದ್ದ. ಚರ್ಚು ಎಂದೂ ನಾವು ಅನ್ನುತ್ತಿರಲಿಲ್ಲ, ಗುಡಿ ಎನ್ನುತ್ತಿದ್ದೆವು. ಅಪ್ಪನ ಹೆಸರು ಚಾಕಪ್ಪ, ಗುಡಿಯ ಚಾಕರಿ ಅವನದು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ದೀಪಕ್ಕೆ ಎಣ್ಣೆ ಹಾಕುವುದು, ಮೂರು ತಿಂಗಳಿಗೊಮ್ಮೆ ಪೂಜೆಗೆ ಬರುವ ಸ್ವಾಮಿಗಳಿಗೆ ಬಿಸಿನೀರು ಕಾಯಿಸುವುದು. ಅದಕ್ಕಾಗಿ ಆ ಮನೆ. ಅಮ್ಮ ಪಾವಗಡದ ಕಡೆಯವಳು, ಕನ್ನಡದಲ್ಲಿ ಮಾತು ಶುರು ಮಾಡಿ ಸಿಟ್ಟು ಬಂದ ಕಡೆ ತೆಲುಗಿಗೆ ತಿರುಗುತ್ತಿದ್ದಳು. ಅಜ್ಜಿ ಏಲಮ್ಮ ಅಪ್ಪನ ತಾಯಿ. ಮನೆಯ ಯಜಮಾನಿಕೆ, ಗುಡಿಯ ಯಜಮಾನಿಕೆ, ಕೇಳಿದರೆ ದೇವರ ಯಜಮಾನಿಕೆಯೂ ಅವಳದೇ.

ಗುಡಿಯ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಎಷ್ಟು ನಿಜವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಪಾಳೆಗಾರರ ಕಾಲದಲ್ಲಿ ಮಲಯಾಳದಿಂದ ತೋಮಯ್ಯ ಎಂಬ ಮೆಣಸಿನ ವ್ಯಾಪಾರಿ ಎತ್ತುಗಳ ಮೇಲೆ ಮೂಟೆ ಹೇರಿಕೊಂಡು ಸಿರಾ ಪೇಟೆಗೆ ಬರುತ್ತಿದ್ದನಂತೆ. ಒಮ್ಮೆ ಇಲ್ಲಿ ಜ್ವರ ಹಿಡಿದು ಮಲಗಿದ, ಊರಿನ ಹೆಂಗಸೊಬ್ಬಳು ಗಂಜಿ ಕೊಟ್ಟಳು, ಅವಳನ್ನೇ ಮದುವೆಯಾಗಿ ಉಳಿದ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಗುಡಿ ಕಟ್ಟಿಸಬೇಕು ಅನ್ನಿಸಿತು. ಬೆಟ್ಟದ ಕಡೆಯ ಕಲ್ಲುಕುಟಿಗರಿಗೆ ಕೆಲಸ ಒಪ್ಪಿಸಿ, ಸ್ವಾಮಿಗಳನ್ನು ಕರೆತರಲು ತಾನು ಮಲಯಾಳಕ್ಕೆ ಹೋದ. ತಿರುಗಿ ಬರುವ ಹೊತ್ತಿಗೆ ಆರು ತಿಂಗಳು. ಗುಡಿ ಮುಗಿದಿತ್ತು, ಚೆನ್ನಾಗಿಯೂ ಇತ್ತು. ಆದರೆ ಕಲ್ಲುಕುಟಿಗರು ಹುಟ್ಟಿದಾಗಿನಿಂದ ಕಟ್ಟಿದ್ದೆಲ್ಲ ಈಶ್ವರನ ಗುಡಿ, ಹನುಮಂತನ ಗುಡಿ. ಪೂರ್ವಕ್ಕೆ ಬಾಗಿಲಿಟ್ಟು, ಪಶ್ಚಿಮಕ್ಕೆ ಗರ್ಭಗುಡಿ ಮಾಡಿ, ಬಾಗಿಲ ಮುಂದೆ ದೀಪದ ಕಂಬ ನಿಲ್ಲಿಸಿ ಕೈ ತೊಳೆದುಕೊಂಡಿದ್ದರು. ನಮ್ಮ ಪದ್ಧತಿಯಲ್ಲಿ ಬಲಿಪೀಠ ಪೂರ್ವಕ್ಕೇ ಇರಬೇಕು, ಜನ ಪೂರ್ವಕ್ಕೆ ಮುಖ ಮಾಡಿಯೇ ನಿಲ್ಲಬೇಕು. ತೋಮಯ್ಯ ತಲೆ ಮೇಲೆ ಕೈ ಹೊತ್ತು ಕೂತನಂತೆ. ಬಾಗಿಲ ಮೇಲೆ ಎರಡು ಆನೆ, ನಡುವೆ ಏನೂ ಕೆತ್ತದ ಬರೀ ಕಲ್ಲು. ಅದೇಕೆ ಖಾಲಿ ಎಂದು ಕೇಳಿದ್ದಕ್ಕೆ ಕುಟಿಗರ ಹಿರಿಯ ಹೇಳಿದನಂತೆ:

“ನಿಮ್ ದೇವ್ರು ನೋಡಕ್ಕೆ ಹೆಂಗವ್ನೆ ಅಂತ ನಮಗೇನ್ ಗೊತ್ತು ಬುದ್ಧಿ? ಅದ್ಕೇ ಜಾಗ ಬುಟ್ಟಿದ್ದೀವಿ. ಆನೆ ಮಾತ್ರ ಯಾವ ದೇವ್ರಿಗಾದ್ರೂ ಬೇಕಲ್ಲ.”

ಕೆಡವಿ ಕಟ್ಟಲು ಯಾರಿಗೂ ಚೈತನ್ಯ ಇರಲಿಲ್ಲ. ಖಾಲಿ ಕಲ್ಲಿನಲ್ಲಿ ಶಿಲುಬೆ ಕೆತ್ತಿಸಿದರು, ಪೂರ್ವದ ಬಾಗಿಲು ಮುಚ್ಚಿ ಅಲ್ಲಿಗೆ ಬಲಿಪೀಠ ಇಟ್ಟರು, ಹಿಂದಿನ ಗರ್ಭಗುಡಿಯ ಗೋಡೆ ಒಡೆದು ದಾರಿ ಮಾಡಿದರು. ಹಾಗಾಗಿ ನಮ್ಮ ಗುಡಿಗೆ ದೇವರ ಕೋಣೆಯಿಂದಲೇ ಒಳಗೆ ಹೋಗಬೇಕು. ಆ ಕೋಣೆ ಕುಳ್ಳು, ಕತ್ತಲು, ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಲೇಬೇಕು. ಅದು ದಾಟಿದರೆ ಎಂಟು ಕಲ್ಲಿನ ಕಂಬದ ಹಜಾರ, ಮೇಲೆ ಉದ್ದುದ್ದ ಕಲ್ಲು ಚಪ್ಪಡಿಯ ಮಾಡು, ಅದರ ಮೇಲೆ ಗಾರೆಯ ತಾರಸಿ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಎದುರಿಗೆ ಕೆಂಪು ತೆರೆ. ತೆರೆಯಾಚೆ ಹೆಣ್ಣುಮಕ್ಕಳು ಕಾಲಿಡುವಂತಿಲ್ಲ. ಕಾಲೇಕೆ ಇಡಬೇಕು, ಅದರ ಬೆನ್ನಿಗೇ ನಮ್ಮ ಒಲೆ ಇತ್ತಲ್ಲ! ದೀಪದ ಕಂಬ ಮುಚ್ಚಿದ ಬಾಗಿಲ ಕಡೆಗೇ ಉಳಿದು ನಮ್ಮ ಅಂಗಳಕ್ಕೆ ಬಂತು. ಅದಕ್ಕೆ ಅಮ್ಮ ಮೇಕೆ ಕಟ್ಟುತ್ತಿದ್ದಳು.

ಈಸ್ಟರ್ ಹಬ್ಬಕ್ಕೆ ಮುಂಚೆ ನಮ್ಮಲ್ಲಿ ಐವತ್ತು ದಿನದ ಉಪವಾಸ, ಅದಕ್ಕೆ ನೋಂಬು ಎನ್ನುತ್ತೇವೆ. ಮಾಂಸ, ಮೀನು, ಹಾಲು, ಮೊಸರು, ಮೊಟ್ಟೆ ಯಾವುದನ್ನೂ ಮುಟ್ಟುವಂತಿಲ್ಲ. ಸಣ್ಣ ಮಕ್ಕಳಿಗೂ ವಿನಾಯಿತಿ ಇಲ್ಲ, ಅಜ್ಜಿಯ ಕಾನೂನು. ಐವತ್ತು ದಿನವೂ ಮುದ್ದೆ ಮತ್ತು ಹುರುಳಿ ಸಾರು, ಹುರುಳಿ ಸಾರು ಮತ್ತು ಮುದ್ದೆ. ಆದರೆ ಕೋಳಿಗೆ ನೋಂಬು ಇಲ್ಲವಲ್ಲ, ಅದು ಮೊಟ್ಟೆ ಇಡುತ್ತಲೇ ಇರುತ್ತದೆ. ಆ ಮೊಟ್ಟೆಗಳನ್ನು ಮಾರುವಂತೆಯೂ ಇಲ್ಲ, ತಿನ್ನುವಂತೆಯೂ ಇಲ್ಲ, ಗುಡಿಗೆ ಕೊಡಬೇಕು ಎಂಬುದು ತೋಮಯ್ಯನ ಕಾಲದ ಕಟ್ಟಳೆ. ಹನ್ನೊಂದು ಮನೆಯ ಮೊಟ್ಟೆಯೂ ನಮ್ಮ ಮನೆಗೆ ಬರುತ್ತಿತ್ತು. ಅಜ್ಜಿ ದೊಡ್ಡ ಗುಡಾಣದಲ್ಲಿ ಬೂದಿ ತುಂಬಿ ಅದರೊಳಗೆ ಹುಗಿದು ಆನೆಗಳ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದಳು. ನೋಂಬಿನ ಕೊನೆಗೆ ಆ ಮೊಟ್ಟೆಯ ಬಿಳಿಯನ್ನು ಸುಣ್ಣಕ್ಕೆ ಕಲಸಿ ಗುಡಿಯ ಗೋಡೆಗೋ ತಾರಸಿಗೋ ಬಳಿಯುತ್ತಿದ್ದರು. ನಮ್ಮ ಗುಡಿಯ ಗೋಡೆ ಮುಟ್ಟಿದರೆ ಪಿಂಗಾಣಿ ಬಟ್ಟಲು ಮುಟ್ಟಿದ ಹಾಗಿತ್ತು. ಜನ ಭಕ್ತಿ ಅನ್ನುತ್ತಿದ್ದರು. ಭಕ್ತಿಯಲ್ಲ, ಮೊಟ್ಟೆ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಮಳೆಗಾಲದಲ್ಲಿ, ಮಲಯಾಳದಿಂದ ದೊಡ್ಡ ಸ್ವಾಮಿಗಳು ಬಂದರು. ಸ್ವಾಮಿಗಳಿಗೆಲ್ಲ ಮೇಲಿನವರು, ಕಪ್ಪು ಟೋಪಿ, ಎದೆಯವರೆಗೆ ಬಿಳಿ ಗಡ್ಡ. ಪೂಜೆಯ ನಡುವೆ, ಅವರು ಪ್ರಸಾದದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದ್ದಾಗ, ಚಪ್ಪಡಿಯ ಸಂದಿನಿಂದ ಒಂದು ಹನಿ ಅವರ ಮೂಗಿನ ಮೇಲೆ ಬಿತ್ತು. ಎರಡನೆಯದು ರೊಟ್ಟಿಯ ಮೇಲೆ. ನನ್ನ ಪಕ್ಕದಲ್ಲಿದ್ದ ಅಮ್ಮ “ಅಯ್ಯೋ ದೇವುಡಾ” ಅಂದದ್ದು ಗುಡಿಗೆಲ್ಲ ಕೇಳಿತು. ಪೂಜೆ ಮುಗಿದ ಮೇಲೆ ದೊಡ್ಡ ಸ್ವಾಮಿಗಳು ಅಪ್ಪನನ್ನು ಕರೆದರು. ಅವರು ಕನ್ನಡವನ್ನು ಪುಸ್ತಕದಿಂದ ಕಲಿತವರು, ಬೈದರೂ ಪಾಠ ಓದಿದ ಹಾಗಿರುತ್ತಿತ್ತು.

“ಚಾಕಪ್ಪನವರೇ, ಇದು ದೇವಾಲಯವಲ್ಲ, ಜರಡಿ. ನಾನು ಈಸ್ಟರ್ ಹಬ್ಬಕ್ಕೆ ಪುನಃ ಬರುತ್ತೇನೆ. ಆಗಲೂ ಸೋರಿದರೆ ಇದನ್ನು ಕೆಡವಿಸಿ, ಕೊಡಿಗೇನಹಳ್ಳಿಯ ರಸ್ತೆಯಲ್ಲಿ ಸಿಮೆಂಟಿನ ಹೊಸ ದೇವಾಲಯ ಕಟ್ಟಿಸುತ್ತೇನೆ.”

“ನಮ್ ಮನೆ ಬುದ್ಧಿ?”

“ಗೋಡೆಯೇ ಇಲ್ಲದಿದ್ದರೆ ಗೋಡೆಗೆ ಆತುಕೊಂಡ ಮನೆ ಹೇಗೆ ಇರುತ್ತದೆ?”

ಮಾತು ನ್ಯಾಯವಾಗಿಯೇ ಇತ್ತು. ನಮಗೆ ಬೇರೆ ಹೊಲವಿಲ್ಲ, ಮನೆಯಿಲ್ಲ, ಅಪ್ಪನಿಗೆ ಗಂಟೆ ಹೊಡೆಯುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಅವತ್ತು ಮನೆಯಲ್ಲಿ ಯಾರೂ ಊಟಕ್ಕೆ ಕರೆಯಲಿಲ್ಲ. ನಾನೇ ತಟ್ಟೆ ಹಾಕಿಕೊಂಡು ತಿಂದೆ.

ಹನ್ನೊಂದು ಮನೆಯವರೂ ಸೇರಿ ಸಿರಾದಿಂದ ಗಾರೆ ಕೆಲಸದ ಖಾಸಿಂ ಸಾಬರನ್ನು ಕರೆಸಿದರು. ಅವರ ಕಡೆಯವರು ತಲೆತಲಾಂತರದಿಂದ ಗುಮ್ಮಟಕ್ಕೆ ಗಾರೆ ಮಾಡಿದವರು. ಜೊತೆಗೆ ಅವರ ಹೆಂಡತಿ ಫಾತ್ಮಾಬಿ ಬಂದರು. ಸಾಬರು ಸಣಕಲು, ನಗುಮುಖ. ಫಾತ್ಮಾಬಿ ಗಟ್ಟಿ ಆಳು, ಮಾತು ಕಡಿಮೆ, ಗಾರೆಯ ಹದ ಗೊತ್ತಿದ್ದದ್ದು ಗಂಡನಿಗಿಂತ ಹೆಂಡತಿಗೆ. ನಮ್ಮ ನೋಂಬು ಅರ್ಧ ಕಳೆದಿದ್ದಾಗ ಬಂದರು, ಆ ವರ್ಷ ಅವರ ರಂಜಾನ್ ಉಪವಾಸವೂ ಅದೇ ಹೊತ್ತಿಗೆ ಬಿದ್ದಿತ್ತು. ಸುಣ್ಣವನ್ನು ಗುಂಡಿಯಲ್ಲಿ ಮೊದಲೇ ಕೊಳೆಹಾಕಿದ್ದರು. ಹಳೆಯ ತಾರಸಿ ಕಿತ್ತು, ಚಪ್ಪಡಿಯ ಸಂದು ತುಂಬಿ, ಇಟ್ಟಿಗೆ ಚೂರು ಸುಣ್ಣ ಹಾಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಹೆಂಗಸರು ಎರಡು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಕೊಡತಿಯಿಂದ ಬಡಿದರು. ಒಂದು ದಿನವಲ್ಲ, ಏಳು ದಿನ. ಊರಿನ ಎಲ್ಲ ಜಾತಿಯ ಹೆಂಗಸರೂ ಹತ್ತಿದ್ದರು, ಯಾಕೆಂದರೆ ಅಲ್ಲಿ ಹಾಡಬಹುದಿತ್ತು, ಗಂಡಂದಿರ ಮೇಲೆ ಚಾಡಿ ಹೇಳಬಹುದಿತ್ತು. ಫಾತ್ಮಾಬಿಯದು ಒಂದೇ ನಿಯಮ: “ಹಾಡು ಯಾವ್ದಾದ್ರೂ ಹಾಡಿ, ಏಟು ತಪ್ಬಾರ್ದು.” ಕೆಳಗೆ ನಮ್ಮ ಮನೆಯೆಲ್ಲ ಗುಡುಗುಡು. ಸಾರಿಗೆ ಸುಣ್ಣ ಬೀಳುತ್ತಿತ್ತು, ಅಮ್ಮ ಉಪ್ಪು ಕಡಿಮೆ ಹಾಕತೊಡಗಿದಳು.

ಮಧ್ಯಾಹ್ನದ ಬಿಸಿಲಿಗೆ ಕೆಲಸ ನಿಲ್ಲುತ್ತಿತ್ತು. ಸಾಬರು ದೀಪದ ಕಂಬದ ನೆರಳಿಗೆ ಒರಗುತ್ತಿದ್ದರು. ಫಾತ್ಮಾಬಿ ನಮ್ಮ ಅಡುಗೆಮನೆಯಲ್ಲಿ, ಆನೆಗಳ ಕೆಳಗಿನ ತಣ್ಣನೆಯ ಹೊಸ್ತಿಲಿಗೆ ತಲೆ ಇಟ್ಟು ಮಲಗುತ್ತಿದ್ದರು. ಅಜ್ಜಿ ಬಾಗಿಲಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಳು. ದಿನಾ ಸಾಬರಿಗೂ ಅವಳಿಗೂ ಅದೇ ಜಗಳ.

“ನಿಮ್ದು ಏನ್ ರೋಜಾ ಅಜ್ಜಿ ಇದು? ಮುದ್ದೆ ನುಂಗ್ತೀರಾ, ಚೊಂಬು ಚೊಂಬು ನೀರು ಕುಡೀತೀರಾ. ನಾವು ನೋಡಿ, ಎಂಜಲೂ ನುಂಗಲ್ಲ.”

“ನಿಂದು ಮೂವತ್ ದಿನ ಕಣಯ್ಯಾ, ನಂದು ಐವತ್ತು. ಹೊತ್ ಮುಳುಗ್ತಿದ್ದಂಗೆ ನೀನು ಬೋಟಿ ಕಡೀತೀಯ, ನಾನು ಹುರುಳಿ ಸಾರೇ ನೆಕ್ಬೇಕು.”

“ಅಂಗಾದ್ರೆ ಅದಲು ಬದಲು ಮಾಡ್ಕಳನಾ?”

“ಓಗೋಗು. ಈ ವಯಸ್ನಾಗೆ ನೀರು ಬುಟ್ರೆ ನನ್ ಸಮಾಧಿಗೂ ನೀನೇ ಗಾರೆ ಮಾಡ್ಬೇಕಾಯ್ತದೆ.”

ಇನ್ನು ನನ್ನ ವಿಷಯ. ನೋಂಬಿನ ಎರಡನೆಯ ವಾರದಿಂದಲೇ ನಾನು ಗುಡಾಣದ ಮೊಟ್ಟೆ ಕುಡಿಯುತ್ತಿದ್ದೆ. ಹಸಿವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ, ಹೊಟ್ಟೆ ತುಂಬ ಮುದ್ದೆ ಇತ್ತು. ಹುರುಳಿ ಸಾರು ಬೇಜಾರಾಗಿತ್ತು, ಅಷ್ಟೆ. ಜಾಲಿ ಮುಳ್ಳಿನಿಂದ ಎರಡು ತುದಿಗೂ ತೂತು ಮಾಡಿ ಒಂದು ಕಡೆಯಿಂದ ಎಳೆದರೆ ಸೊರ್ರ್ ಎಂದು ಬರುತ್ತಿತ್ತು. ಖಾಲಿ ಚಿಪ್ಪನ್ನು ಬೂದಿಯ ತಳಕ್ಕೆ ಹುಗಿದು ಮೇಲಿನದನ್ನು ಸರಿಮಾಡಿ ಇಡುತ್ತಿದ್ದೆ. ಎಷ್ಟು ಕುಡಿದೆನೋ, ಅದೇನು ಸ್ಲೇಟಿನಲ್ಲಿ ಬರೆದಿಡುವ ವಿಷಯವೇ? ಅಜ್ಜಿ ನೀರಿಗೆ ಹೋದಾಗ, ಅಪ್ಪ ಗಂಟೆ ಹೊಡೆಯಲು ಹೋದಾಗ. ಗಂಟೆಯ ಸದ್ದಿನಲ್ಲಿ ಸೊರ್ರ್ ಕೇಳಿಸುವುದಿಲ್ಲ. ಪಾಪ ಎನ್ನುವುದು ತೆರೆಯಾಚೆಯ ವಿಷಯ, ಈಚೆ ಬರೀ ಅಡುಗೆಮನೆ ಎಂದು ನಾನು ತೀರ್ಮಾನಿಸಿಕೊಂಡಿದ್ದೆ.

ದೊಡ್ಡ ಸ್ವಾಮಿಗಳು ಬರಲು ಒಂಬತ್ತು ದಿನ ಇದ್ದಾಗ ಕೊನೆಯ ಗಾರೆಯ ದಿನ ಬಂತು. ಬಡಿದ ತಾರಸಿ ಇನ್ನೂ ಹಸಿಯಾಗಿರುವಾಗಲೇ ಮೊಟ್ಟೆ ಬೆರೆಸಿದ ತೆಳುಗಾರೆ ಎಳೆಯಬೇಕು. ಬಿಸಿಲು ಏರಿ ತಳ ಒಣಗಿದರೆ ಬಿರುಕು ಬಿಡುತ್ತದೆ, ಏಳು ದಿನದ ಏಟು ವ್ಯರ್ಥ. ಬೆಳಗಿನ ಜಾವವೇ ಅಪ್ಪ ಗುಡಾಣ ಹೊತ್ತು ತಂದು ಅಂಗಳದಲ್ಲಿಟ್ಟ. ಸಾಬರು ಮಣ್ಣಿನ ಬಾನಿ ಮುಂದಿಟ್ಟುಕೊಂಡು ಒಂದೊಂದೇ ಒಡೆದರು. ಮೊದಲಿನವು ಚೆನ್ನಾಗಿದ್ದವು. ಆಮೇಲೆ ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿ, ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದರು.

“ಇಲ್ನೋಡಿ ಅಜ್ಜಿ, ಈ ಮೊಟ್ಟೇನೂ ರೋಜಾ ಐತೆ! ಹೊಟ್ಟೇಲಿ ಏನೂ ಇಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಮುಂದಿನದೂ ಖಾಲಿ. ಅದರ ಮುಂದಿನದೂ. ಬೂದಿ ಕೆದಕಿದಷ್ಟೂ ಬರೀ ಚಿಪ್ಪು. ನಗು ನಿಂತಿತು. ಅಜ್ಜಿ ಹಾವಿನ ಕೆಲಸ ಎಂದಳು. ಸಾಬರು ಚಿಪ್ಪಿನ ತೂತು ತೋರಿಸಿ, “ಮುಳ್ಳು ಹಿಡಿಯಕ್ಕೆ ಹಾವಿಗೆ ಕೈ ಐತಾ ಅಜ್ಜಿ?” ಅಂದರು. ಅಜ್ಜಿ ಸುತ್ತ ನೋಡಿದಳು. ಅವಳ ಕಣ್ಣು ಫಾತ್ಮಾಬಿಯ ಮೇಲೆ ನಿಂತಿತು.

“ದಿನಾ ಮಧ್ಯಾಹ್ನ ಆ ಗೂಡಿನ ಬುಡದಾಗೆ ಮಲಗ್ತಿದ್ದೋರು ಯಾರಮ್ಮ? ನಾವಂತೂ ಅಲ್ಲ.”

ಫಾತ್ಮಾಬಿ ಕೊಡತಿ ಕೆಳಗಿಟ್ಟರು. ಕೈಗೆ ಮೆತ್ತಿದ್ದ ಸುಣ್ಣ ಕೊಡವಿ ಎದ್ದು ನಿಂತರು. ಸಾಬರು ಕರಣೆಯನ್ನು ನೀರಿಗದ್ದಿ ತೊಳೆದರು. ಕೆಲಸದ ನಡುವೆ ಗಾರೆಯವನು ಕರಣೆ ತೊಳೆದ ಎಂದರೆ ಕೆಲಸ ಮುಗಿಯಿತು ಎಂದರ್ಥ.

“ರೋಜಾ ಇರೋ ಹೆಂಗ್ಸಿಗೆ ಕಳ್ಳಿ ಅಂದ್ರಿ. ಬೇರೆ ಏನ್ ಅಂದಿದ್ರೂ ಸಹಿಸ್ಕಂತಿದ್ದೆ ಅಜ್ಜಿ. ನಡಿ ಫಾತ್ಮಾ, ಗಾಡಿ ನೋಡನ.”

ಅಪ್ಪ ಅವರ ಹಿಂದೆ ಹಿಂದೆ ಓಡಿದ. “ಸಾಬ್ರೇ, ಮುದುಕಿ ಮಾತು, ಬುಟ್ಬುಡಿ ಸಾಬ್ರೇ” ಎಂದು ಕೈ ಮುಗಿದ. ಅವರು ನಿಲ್ಲಲಿಲ್ಲ. ಬಿಸಿಲು ಆಗಲೇ ಗುಡಿಯ ಅಂಚಿಗೆ ಬಂದಿತ್ತು. ನಾನು ದೀಪದ ಕಂಬದ ಕಟ್ಟೆ ಹತ್ತಿದೆ. ನನಗೆ ಫಾತ್ಮಾಬಿಯ ಮೇಲೆ ಕನಿಕರ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನನ್ನ ತಲೆಯಲ್ಲಿದ್ದದ್ದು ಅದಲ್ಲ. ಇವರು ಹೋದರೆ ಗುಡಿ ಹೋಗುತ್ತದೆ, ಗುಡಿ ಹೋದರೆ ನಾವು ಮಲಗುವುದೆಲ್ಲಿ, ಇದೊಂದೇ.

“ನಾನೇ ಕುಡ್ದಿದ್ದು! ಎಲ್ಲಾ ನಾನೇ ಕುಡ್ದಿದ್ದು!”

ಮೊದಲು ಬಂದದ್ದು ಅಮ್ಮ. “ಏಮೇ ಪಿಲ್ಲಾ, ನಿನ್ ಹೊಟ್ಟೆ ಏನು ಸುಣ್ಣದ ಗುಂಡೀನಾ?” ಎಂದು ಎರಡು ಬಿಟ್ಟಳು. ಮೂರನೆಯದಕ್ಕೆ ಎತ್ತಿದ ಕೈಯನ್ನು ಫಾತ್ಮಾಬಿ ಹಿಡಿದರು. ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

“ಹಸೀದೇ ಕುಡಿದ್ಯಾ?”

“ಹೂಂ.”

“ಬೂದಿ ಒಳಗೆ ಇದ್ದಿದ್ದು?”

“ಹೂಂ.”

“ಥೂ! ಬೇಯಿಸ್ಕೊಂಡಾದ್ರೂ ತಿನ್ಬಾರ್ದೇನೆ, ದರಿದ್ರದೋಳೇ!”

ಸಾಬರಿಗೆ ಬೇಡ ಬೇಡ ಎಂದರೂ ನಗು ಬಂತು. ನಕ್ಕ ಮೇಲೆ ಸಿಟ್ಟು ಹಿಡಿದಿಡಲು ಆಗುವುದಿಲ್ಲ. ಕರಣೆಯನ್ನು ಮತ್ತೆ ಸುಣ್ಣಕ್ಕೆ ಚುಚ್ಚಿ, “ಬಿಸಿಲು ಆ ಮೂಲೆಗೆ ಬರೋ ಅಷ್ಟರಲ್ಲಿ ಮೊಟ್ಟೆ ಬೇಕು. ಎಲ್ಲಿಂದ ತರ್ತೀರೋ ತನ್ನಿ” ಅಂದರು. ನಮ್ಮ ಹನ್ನೊಂದು ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅಪ್ಪ ಬುಟ್ಟಿ ತಂದು ನನ್ನ ತಲೆ ಮೇಲಿಟ್ಟ. ಅಪ್ಪ ಜನ್ಮದಲ್ಲಿ ನನಗೆ ಹೊಡೆದವನಲ್ಲ, ಅವನ ಶಿಕ್ಷೆ ಅದಕ್ಕಿಂತ ಕೆಟ್ಟದ್ದು.

“ಊರೊಳಗೆ ಒಂದ್ ಮನೇನೂ ಬುಡ್ದಂಗೆ ಓಗು. ಏನ್ ಮಾಡ್ದೆ ಅಂತ ಮೊದ್ಲು ಹೇಳು, ಆಮೇಲೆ ಕೇಳು.”

ಮೊದಲನೆಯದು ಗೌಡರ ಮನೆ. ಅಲ್ಲಿ ಜಗಲಿಯಲ್ಲಿ ಕೂತಿದ್ದ ಮುದುಕಿ ಕಿವುಡಿ. ನಾನು ಗೊಣಗಿದೆ, ಆಕೆಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ, “ಜೋರಾಗಿ ಹೇಳೇ, ಗಂಟ್ಲಲ್ಲಿ ಏನ್ ಸಿಕ್ಕಂಡೈತೆ?” ಅಂದಳು. ಸಿಟ್ಟು ಬಂದು ಕಿರುಚಿದೆ, “ಗುಡಿ ಮೊಟ್ಟೆ ಕದ್ದು ಕುಡ್ದಿದ್ದೀನಿ, ಒಂದ್ ಮೊಟ್ಟೆ ಕೊಡಿ!” ಬೀದಿಗೆ ಬೀದಿಯೇ ಹೊರಗೆ ಬಂತು. ಮುಂದಿನ ಮನೆಗಳಲ್ಲಿ ನಾನು ಬಾಯಿ ತೆರೆಯುವ ಕಷ್ಟವೇ ಇರಲಿಲ್ಲ, ಹೆಂಗಸರು ಮೊಟ್ಟೆ ಹಿಡಿದುಕೊಂಡೇ ನಿಂತಿದ್ದರು. ಆದರೂ ಹೇಳಿಸದೆ ಕೊಡಲಿಲ್ಲ. ತಾರಸಿ ಬಡಿಯಲು ಬಂದಿದ್ದ ಗೊಲ್ಲರ ಹೆಂಗಸು ಕೇಳಿದಳು:

“ಅಲ್ಲ ಕಣಮ್ಮಿ, ನಿಮ್ ದೇವ್ರು ನಮ್ ಕೋಳಿ ಮೊಟ್ಟೆ ತಿಂತಾನಾ?”

“ತಿನ್ನಲ್ಲ. ಬಳ್ಕಂತಾನೆ.”

ಆಕೆ ನಕ್ಕು ನಕ್ಕು ಎರಡು ಹೆಚ್ಚಿಗೆ ಕೊಟ್ಟಳು. ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ನಾನು ಬುಟ್ಟಿ ಹೊತ್ತು ತಿರುಗಿ ಬರುವಾಗ ನಾಚಿಕೆ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ತಪ್ಪು ಒಪ್ಪಿಕೊಳ್ಳುವುದು ಬಿಸಿನೀರಿನ ಸ್ನಾನದ ಹಾಗೆ, ಮೊದಲ ಚೊಂಬು ಸುಡುತ್ತದೆ, ಆಮೇಲೆ ಹಿತವಾಗಿರುತ್ತದೆ. ನಾನು ಮದುವೆಯಾದ ಮೇಲೆ ಅತ್ತೆಯ ಹತ್ತಿರ, ಮಕ್ಕಳ ಹತ್ತಿರ, ಎಲ್ಲರ ಹತ್ತಿರವೂ ಹಾಗೇ ಬದುಕಿದೆ. ಮಾಡಿದ್ದರೆ ಮಾಡಿದೆ ಎಂದೆ, ಮಾಡದಿದ್ದರೆ ಅವರ ಗ್ರಹಚಾರ ಬಿಡಿಸಿದೆ.

ಬಿಸಿಲು ಮೂಲೆಗೆ ಬರುವ ಮೊದಲೇ ತೆಳುಗಾರೆ ಎಳೆದು ಮುಗಿಸಿದರು. ತಪ್ಪಾಯಿತು ಎಂಬ ಮಾತು ಅಜ್ಜಿಯ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಹೊತ್ತಿಳಿಯುವಾಗ ಮೇಕೆ ಹಾಲು ಕರೆದು ತಂದು ಒಲೆಯ ಮುಂದೆ ಕೂತಳು. ಅಮ್ಮ ಬೆಚ್ಚಿಬಿದ್ದಳು, ನೋಂಬಿನಲ್ಲಿ ಅಜ್ಜಿ ಹಾಲಿನ ಪಾತ್ರೆಯ ನೆರಳಿಗೂ ಹೋಗುವವಳಲ್ಲ. ಶಾವಿಗೆ ಪಾಯಸ ಮಾಡಿದಳು. ರುಚಿ ನೋಡುವಂತಿಲ್ಲ, ನಮಗೂ ನೋಡಲು ಬಿಡುವಂತಿಲ್ಲ, ನನಗಂತೂ ಹತ್ತಿರವೇ ಸೇರಿಸಲಿಲ್ಲ. ಸೂರ್ಯ ಮುಳುಗಿ, ಸಾಬರೂ ಫಾತ್ಮಾಬಿಯೂ ಖರ್ಜೂರ ಬಾಯಿಗಿಟ್ಟುಕೊಂಡ ಕೂಡಲೇ ಅಜ್ಜಿ ಎರಡು ಬಟ್ಟಲು ಅವರ ಮುಂದೆ ಕುಕ್ಕಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಫಾತ್ಮಾಬಿ ಒಂದು ಗುಟುಕು ಕುಡಿದರು. ನಿಧಾನಕ್ಕೆ ಇನ್ನೊಂದು. ಬಟ್ಟಲು ಖಾಲಿ ಮಾಡಿ ಕೆಳಗಿಟ್ಟರು.

“ಅಜ್ಜಿ, ಗಾರೆಗೆ ಅಷ್ಟೊಂದು ಬೆಲ್ಲ ಹಾಕಿದ್ವಲ್ಲ, ಇದಕ್ಕೂ ಒಂದು ಅಚ್ಚು ಹಾಕಿದ್ರೆ ಗುಡಿ ಬೀಳ್ತಿತ್ತಾ?”

“ಬೆಲ್ಲ ಮರ್ತ್ನಾ?”

“ಬೆಲ್ಲ ಮರ್ತ್ರಿ. ಉಪ್ಪು ಮರೀಲಿಲ್ಲ.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುವಾಗ ಹಾಗೆ ಮಾಡುವುದು, ಹಲ್ಲಿಲ್ಲದ್ದು ಕಾಣಬಾರದೆಂದು. ಫಾತ್ಮಾಬಿ ಬಟ್ಟಲನ್ನು ಮತ್ತೆ ಮುಂದೆ ಚಾಚಿದರು, “ಇದ್ರೆ ಇನ್ನೊಂಚೂರು ಹಾಕಿ, ರೋಜಾ ಇದ್ದೋರಿಗೆ ಉಪ್ಪೂ ಬೇಕು.”

ಹಬ್ಬದ ವಾರ ಬಂತು. ಸಾಬರು ತಾರಸಿಯ ನೀರು ಹೋಗುವ ಬಾಯಿಗಳಿಗೆ ಜೇಡಿಮಣ್ಣು ಮೆತ್ತಿ, ಬಾವಿಯ ನೀರು ತುಂಬಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿಸಿದರು. ಬುಧವಾರ ಬಟ್ಟೆಯ ಮೇಲೆ ಹುಣಸೆಬೀಜದಷ್ಟು ಒದ್ದೆ ಕಂಡಿತು. ಬಲಿಪೀಠದ ಮೇಲೆಯೇ, ದೊಡ್ಡ ಸ್ವಾಮಿಗಳ ಮೂಗಿನ ನೇರಕ್ಕೆ. ನೀರೆಲ್ಲ ಬಿಟ್ಟು, ಆ ಸಂದು ಕೆರೆದು, ಮತ್ತೆ ಗಾರೆ ತುಂಬಿದರು. ಶುಭ ಶುಕ್ರವಾರವೊಂದು ಬಿಟ್ಟು, ಅವತ್ತವತ್ತು ಊರಿನಲ್ಲಿ ಕೋಳಿ ಇಟ್ಟ ಮೊಟ್ಟೆಯನ್ನೆಲ್ಲ ಹೊಡೆದು ಬಳಿದು ನುಣ್ಣನೆಯ ಕಲ್ಲಿನಿಂದ ಉಜ್ಜಿದರು. ಶುಕ್ರವಾರದ ಮೊಟ್ಟೆಯೂ ಅವತ್ತಿನದೂ ಸೇರಿಸಿ ಕೊನೆಯ ಉಜ್ಜು ಶನಿವಾರ ಬೆಳಿಗ್ಗೆ. ಮಧ್ಯಾಹ್ನ ಮತ್ತೆ ನೀರು ತುಂಬಿದರು. ಸಂಜೆಗೆ ದೊಡ್ಡ ಸ್ವಾಮಿಗಳ ಗಾಡಿ ಬಂತು.

ತಲೆ ಬಗ್ಗಿಸಿ ಒಳಗೆ ಬಂದವರೇ ನೇರ ತೆರೆಯಾಚೆ ಹೋಗಿ ಮೇಲೆ ನೋಡಿದರು. ಸಾಬರು ಕಾಲು ತೊಳೆದು ಪಕ್ಕದಲ್ಲಿ ನಿಂತಿದ್ದರು. ನಾವೆಲ್ಲ ಕಂಬದ ಹತ್ತಿರ ಗುಂಪಾಗಿದ್ದೆವು.

“ಈಗ ಮಳೆಗಾಲವಲ್ಲ. ಸೋರುವುದಿಲ್ಲವೆಂದು ಹೇಗೆ ತಿಳಿಯುವುದು?”

“ಮೇಲೆ ನೀರು ನಿಂತೈತೆ ಸ್ವಾಮಿ. ಒಂದು ಗೇಣು.”

“ಈಗಲೇ? ನನ್ನ ತಲೆಯ ಮೇಲೆಯೇ?”

“ತಮ್ಮ ತಲೆ ಮೇಲೇನೇ.”

ದೊಡ್ಡ ಸ್ವಾಮಿಗಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ನಾಚಿಕೆಯಾಯಿತೋ ಏನೋ, ಕುರ್ಚಿ ತರಿಸಿ ಅದೇ ಜಾಗದಲ್ಲಿ ಹಾಕಿಸಿ ಸಂಜೆಯ ಪ್ರಾರ್ಥನೆ ಮುಗಿಯುವವರೆಗೂ ಕೂತರು. ಎದ್ದು ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಒಣಗಿತ್ತು. ಅಪ್ಪನ ಕಡೆ ಕೈ ಚಾಚಿ ಗುಡಿಯ ಬೀಗದ ಕೈ ಕೇಳಿದರು. ಮೊಳದುದ್ದದ ಕಬ್ಬಿಣದ ಕೈ, ಅಪ್ಪನ ಸೊಂಟ ಬಿಟ್ಟು ಅದು ಇಳಿದದ್ದನ್ನು ನಾನು ಕಂಡಿರಲಿಲ್ಲ. ಅದನ್ನು ತಮ್ಮ ನಿಲುವಂಗಿಯೊಳಗೆ ಇಟ್ಟುಕೊಂಡು ಬಿಡಾರಕ್ಕೆ ಹೊರಟುಬಿಟ್ಟರು. ಅಪ್ಪ ಖಾಲಿ ಸೊಂಟ ಮುಟ್ಟಿಕೊಳ್ಳುತ್ತ, “ಸಿಮೆಂಟು ಮನಸಿಗೆ ಹತ್ತಿಬುಟ್ಟೈತೆ ಕಣಮ್ಮ ಅವ್ರಿಗೆ” ಅಂದ.

ಈಸ್ಟರ್ ಬೆಳಿಗ್ಗೆ ದೊಡ್ಡ ಸ್ವಾಮಿಗಳೇ ಗುಡಿಯ ಬೀಗ ತೆಗೆದರು. ಪೂಜೆಯಾಯಿತು, ಹಾಡಾಯಿತು, ಗಂಟೆ ಹೊಡೆದದ್ದೂ ಆಯಿತು. ನೋಂಬು ಬಿಡುವ ಊಟ ನಮ್ಮ ಮನೆಯಲ್ಲಿ. ಜಗಲಿ ತುಂಬ ಜನ, ದೊಡ್ಡ ಸ್ವಾಮಿಗಳಿಗೆ ಅಡುಗೆಮನೆಯಲ್ಲೇ, ಆನೆಗಳ ಕೆಳಗೆ ಮಣೆ ಹಾಕಿದರು, ಪಕ್ಕದಲ್ಲಿ ಅಪ್ಪನಿಗೆ. ಬೇರೆಯವರಿಗೆಲ್ಲ ಕೋಳಿ ಸಾರಿತ್ತು. ದೊಡ್ಡ ಸ್ವಾಮಿಗಳು ಮಾಂಸ ತಿನ್ನುವವರಲ್ಲ, ಅವರು ನೋಂಬು ಬಿಡುವುದು ಬೇಯಿಸಿದ ಮೊಟ್ಟೆಯಿಂದ. ಇದು ಯಾರಿಗೂ ನೆನಪಿರಲಿಲ್ಲ. ಅವತ್ತಿನ ಮೊಟ್ಟೆಯನ್ನು ಕೋಳಿಗಳು ಇನ್ನೂ ಇಟ್ಟಿರಲಿಲ್ಲ. ಕೋಳಿಗೇನು ಗೊತ್ತು ಹಬ್ಬ? ಅವರ ಎಲೆಯಲ್ಲಿ ಮುದ್ದೆ, ಬೆಣ್ಣೆ, ಕಾಳು ಸಾರು. ಅವರು ಎಲೆಯನ್ನು ಒಂದು ಸಲ ನೋಡಿದರು, ಅಮ್ಮನ ಮುಖ ನೋಡಿದರು.

“ಇಂದು ಈಸ್ಟರ್ ಅಲ್ಲವೇ? ಮೊಟ್ಟೆ ಇಲ್ಲವೇ?”

ಅಮ್ಮನ ಕನ್ನಡವೂ ನಿಂತಿತು, ತೆಲುಗೂ ನಿಂತಿತು. ಅಪ್ಪ ಎಲೆಯಿಂದ ಕಣ್ಣೆತ್ತಲಿಲ್ಲ. ಮೂಲೆಯಲ್ಲಿದ್ದ ಅಜ್ಜಿ ಕೈಯಲ್ಲಿದ್ದ ಸೌಟನ್ನು ಎತ್ತಿ ಗುಡಿಯ ತಾರಸಿಯ ಕಡೆ ತೋರಿಸಿದಳು.

“ಎಲ್ಲಾ ಮ್ಯಾಲವೆ ಬುದ್ಧಿ. ನಮ್ಮೋರ್ದೂ ಅವೆ, ಗೌಡ್ರುದೂ ಅವೆ, ಗೊಲ್ರುದೂ ಅವೆ. ಬೇಕು ಅಂದ್ರೆ ನೀವೇ ಕೆಡವಿ ತಗೋಬೇಕು.”

ಅಪ್ಪ ಕಣ್ಣು ಮುಚ್ಚಿಕೊಂಡ. ದೊಡ್ಡ ಸ್ವಾಮಿಗಳು ಸೌಟಿನ ದಿಕ್ಕಿಗೆ ತಲೆಯೆತ್ತಿ ತುಂಬ ಹೊತ್ತು ನೋಡಿದರು. ಆಮೇಲೆ ಅವರ ಗಡ್ಡ ಅಲ್ಲಾಡಲು ಶುರುವಾಯಿತು. ಕೆಮ್ಮು ಅಂದುಕೊಂಡು ನಾನು ನೀರಿನ ಚೊಂಬು ಹಿಡಿದು ಓಡಿದೆ, ಕೆಮ್ಮಲ್ಲ, ನಗು. ಕಣ್ಣೊರೆಸಿಕೊಂಡು, ಎಡಗೈಯನ್ನು ನಿಲುವಂಗಿಯೊಳಗೆ ಹಾಕಿ ಆ ಕಬ್ಬಿಣದ ಬೀಗದ ಕೈ ತೆಗೆದರು. ಅಪ್ಪನ ಎಲೆಯ ಪಕ್ಕ ನೆಲದ ಮೇಲೆ ಇಟ್ಟರು. ಬಲಗೈಯಿಂದ ಮುದ್ದೆ ಮುರಿದು ಸಾರಿಗೆ ಅದ್ದುತ್ತ ಅಮ್ಮನನ್ನು ಕೇಳಿದರು:

“ಇನ್ನೊಂದು ಮುದ್ದೆ ಇದೆಯೇ?”

ಅಮ್ಮ ಎರಡು ಹಾಕಿದಳು.